ಲಾಭದ ಗುಟ್ಟು ಮಾರುವವರು

(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಕೂಲಿಯ ದರವನ್ನು ಕುರಿತಾಗಲಿ ಗೂಡಿನ ಬೆಲೆಯನ್ನು ಕುರಿತಾಗಲಿ ಮಾತಾಡಲು ನಿಂತಿಲ್ಲ. ಅವು ನಮಗೆ ದಿನವೂ ಇದ್ದದ್ದೇ. ಇವತ್ತಿನ ವಿಷಯ ಹೊಸ ಅಂಗಿ ತೊಟ್ಟ ಹಳೆಯ ವಿಷಯ. ಶೇರುಪೇಟೆಯಲ್ಲಿ ಮನೆಯಲ್ಲೇ ಕೂತು ದಿನಕ್ಕೆ ಇಷ್ಟು ಸಾವಿರ ಸಂಪಾದಿಸುವುದನ್ನು ಹೇಳಿಕೊಡುತ್ತೇವೆಂದು ಶುಲ್ಕ ವಸೂಲು ಮಾಡುವ ಗುರುಗಳು ಊರೂರಿನಲ್ಲೂ, ಅದಕ್ಕಿಂತ ಹೆಚ್ಚಾಗಿ ಕೈಯಲ್ಲಿನ ಮೊಬೈಲಿನಲ್ಲೂ ಹುಟ್ಟಿಕೊಂಡಿದ್ದಾರೆ. ಕೆಲವರು ತಮ್ಮನ್ನು ಮೆಂಟರ್ ಎಂದು ಕರೆದುಕೊಳ್ಳುತ್ತಾರೆ, ಕೆಲವರು ಕೋಚ್ ಎನ್ನುತ್ತಾರೆ. ಇವರನ್ನು ನಂಬಬಹುದೇ? ಇವರಿಗೆ ತೆರುವ ಹಣ ಸಾರ್ಥಕವೇ?

ಇದು ಬೊಂಬಾಯಿಯ ಸಾಹುಕಾರರ ಪ್ರಶ್ನೆ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಶೇರುಪೇಟೆಯ ಮೇಲ್ವಿಚಾರಣೆಗೆಂದು ಸರ್ಕಾರ ನೇಮಿಸಿರುವ ಮಂಡಳಿ ಸೆಬಿ. ಅದು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯನ್ನು ನೋಡಿದರೆ ಈ ಪ್ರಶ್ನೆ ಯಾರದೆಂಬುದು ತಿಳಿಯುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರಕ್ಕೆ ಇಳಿದ ವ್ಯಕ್ತಿಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವರ್ಷಕ್ಕೆ ಐದು ಲಕ್ಷ ರೂಪಾಯಿಗಿಂತ ಕಡಿಮೆ ವರಮಾನ ತೋರಿಸಿದವರು. ನೂರಕ್ಕೆ 72ಕ್ಕೂ ಹೆಚ್ಚು ಮಂದಿ ಮೊದಲ ಮೂವತ್ತು ದೊಡ್ಡ ನಗರಗಳ ಹೊರಗಿನವರು. ನೂರಕ್ಕೆ 43 ಮಂದಿ ಮೂವತ್ತು ವರ್ಷ ತುಂಬದವರು. ಇವರು ಬೊಂಬಾಯಿಯ ಸಾಹುಕಾರರೇ? ಇವರು ನಾವು, ನಮ್ಮ ಮಕ್ಕಳು.

ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರಿಗೆ ಮುಂಚೆಯೇ ಬೆಂಗಳೂರಿನ ಹಣದ ಗಾಳಿ ಬಂದಿತ್ತು. ರಸ್ತೆಗೆ, ಕೈಗಾರಿಕೆಗೆ ಜಮೀನು ಬಿಟ್ಟುಕೊಟ್ಟ ರೈತನ ಮನೆಗೆ ಪರಿಹಾರದ ಹಣ ಒಂದೇ ಗಂಟಾಗಿ ಬಂದಿತು. ಅದನ್ನು ಏನು ಮಾಡಬೇಕೆಂದು ಹೇಳಿಕೊಡಲು ಯಾರೂ ಬರಲಿಲ್ಲ, ಕಸಿದುಕೊಳ್ಳಲು ಬೇಕಾದಷ್ಟು ಮಂದಿ ಬಂದರು. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಕಾರುಗಳು ಚನ್ನಪಟ್ಟಣವನ್ನು ಬಳಸಿಕೊಂಡು ಹೊರಗಿನಿಂದಲೇ ಓಡತೊಡಗಿದವು. ಹಳೆಯ ರಸ್ತೆಯ ಬದಿಯಲ್ಲಿ ಬೊಂಬೆ ಜೋಡಿಸಿಕೊಂಡು ಕೂತಿದ್ದವರ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಯಿತು. ಮಧ್ಯಾಹ್ನವೆಲ್ಲ ಗಿರಾಕಿಯಿಲ್ಲದೆ ಕೂತ ಅಂಗಡಿಯವನ ಕೈಯಲ್ಲಿ ಮೊಬೈಲಿದೆ. ಅದರೊಳಗೆ ನಗುನಗುತ್ತ ಮಾತಾಡುವ ಗುರುವಿದ್ದಾನೆ. ಬಿಡದಿಯ, ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನಿಗೂ ಹಗಲೆಲ್ಲ ಪೇಟೆ ತೆರೆದಿರುತ್ತದೆ. ನೀರು ತಗ್ಗಿಗೆ ಹರಿದ ಹಾಗೆ ಈ ಗುರುಗಳ ಜಾಹೀರಾತು ಕಷ್ಟದಲ್ಲಿರುವವನ ಕಡೆಗೆ ಹರಿಯುತ್ತದೆ.

ಇವರು ಕಲಿಸುತ್ತೇವೆನ್ನುವ ವ್ಯಾಪಾರವೇನು ಎಂಬುದನ್ನು ಮೊದಲು ಬಿಡಿಸಿ ನೋಡೋಣ. ರಾಮನಗರದವರಿಗೆ ಗೂಡಿನ ಭಾಷೆಯಲ್ಲೇ ಹೇಳುವುದು ಸುಲಭ.

ಮುಂದಿನ ಮಂಗಳವಾರ ಗೂಡಿನ ದರ ಏರುತ್ತದೆಂದು ನಿಮಗೆ ಅನ್ನಿಸಿತೆನ್ನಿ. ನೀವು ಗೂಡು ಕೊಳ್ಳುವುದಿಲ್ಲ. ಬದಲು, ಮಂಗಳವಾರ ಇಂಥ ದರದಲ್ಲಿ ಕೊಳ್ಳುವ ಹಕ್ಕು ತನ್ನದೆಂದು ಒಬ್ಬನಿಗೆ ಸ್ವಲ್ಪ ಬಯಾನ ಕೊಡುತ್ತೀರಿ. ದರ ಸಾಕಷ್ಟು ಏರಿದರೆ ಬಯಾನದ ಹಲವು ಪಟ್ಟು ಲಾಭ. ಏರದಿದ್ದರೆ, ಏರಿದರೂ ಬುಧವಾರ ಏರಿದರೆ, ಬಯಾನ ಪೂರ್ತಿ ಹೋಯಿತು. ಆಪ್ಷನ್ ಎಂದರೆ ಇಷ್ಟೆ. ದೊಡ್ಡ ದಾಸ್ತಾನು ಇಟ್ಟುಕೊಂಡವನು ಬೆಲೆ ಬಿದ್ದೀತೆಂಬ ಭಯಕ್ಕೆ ಇದನ್ನು ವಿಮೆಯಂತೆ ಬಳಸಿಕೊಂಡರೆ ಅದಕ್ಕೊಂದು ಅರ್ಥವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಾಸ್ತಾನೇ ಇಲ್ಲದವನು ಬರೀ ಬಯಾನ ಕಟ್ಟುತ್ತ ಕೂತರೆ ಅದು ವಿಮೆಯಲ್ಲ, ಪಣ.

ನಮ್ಮ ಗೂಡಿನ ಮಾರುಕಟ್ಟೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ರೈತ ಸೊಪ್ಪು ಹಾಕಿ, ಹುಳುವಿನ ನಾಲ್ಕು ಜ್ವರ ದಾಟಿಸಿ, ಚಂದ್ರಿಕೆಗೆ ಬಿಟ್ಟು ಗೂಡು ತಂದಿದ್ದಾನೆ. ರೀಲರು ಅದನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಕಟ್ಟುತ್ತಾನೆ. ಆರೇಳು ಕಿಲೋ ಗೂಡಿನಿಂದ ಒಂದು ಕಿಲೋ ನೂಲು ಬರುತ್ತದೆ. ಬಿಸಿನೀರಿನಲ್ಲಿ ಕೈಯಿಟ್ಟ ಕೂಲಿಯ ಹೆಣ್ಣುಮಗಳ ಶ್ರಮ ಅದಕ್ಕೆ ಸೇರುತ್ತದೆ. ಯಾರಿಗೆ ಎಷ್ಟು ಸಿಗಬೇಕೆಂಬ ಜಗಳ ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನು ನಾವು ಬಿಟ್ಟುಕೊಟ್ಟಿಲ್ಲ. ಆದರೆ ಅಲ್ಲಿ ಹೊಸದೊಂದು ವಸ್ತು ಹುಟ್ಟುತ್ತದೆ. ವಾಯಿದೆಯ ಪಣದಲ್ಲಿ ಏನೂ ಹುಟ್ಟುವುದಿಲ್ಲ. ಒಬ್ಬನ ಜೇಬಿನ ರೂಪಾಯಿ ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ದಲ್ಲಾಳಿ, ವಿನಿಮಯ ಕೇಂದ್ರ, ಸರ್ಕಾರ ಮೂವರೂ ಸುಂಕ ಕೀಳುತ್ತಾರೆ. ಆಟಗಾರರೆಲ್ಲರ ಲೆಕ್ಕವನ್ನೂ ಕೂಡಿಸಿದರೆ ಅದು ಸೊನ್ನೆಯೂ ಅಲ್ಲ, ಸೊನ್ನೆಗಿಂತ ಕೆಳಗೆ.

ಈ ಮಾತಿಗೆ ಅಂಕಿಗಳ ಸಾಕ್ಷಿಯಿದೆ. ಅದೇ ಸೆಬಿ ವರದಿಯ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆಗೆ ಇಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ತಲೆಗೆ ಸುಮಾರು ಎರಡು ಲಕ್ಷ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ದಲ್ಲಾಳಿ ಮತ್ತಿತರ ಖರ್ಚುಗಳೇ ಆ ಮೂರು ವರ್ಷದಲ್ಲಿ ಸುಮಾರು 50,000 ಕೋಟಿ. ಇಷ್ಟೆಲ್ಲ ಪ್ರಕಟವಾದ ಮೇಲೆ ಜನ ಎಚ್ಚೆತ್ತರೇ? 2024-25ರ ವರ್ಷದಲ್ಲಿ ವ್ಯಕ್ತಿಗಳ ನಷ್ಟ 1,05,603 ಕೋಟಿಗೆ ಏರಿತೆಂದು ಸೆಬಿ 2025ರ ಜುಲೈಯಲ್ಲಿ ಹೇಳಿತು. ಕಳೆದುಕೊಂಡವರು ಆಗಲೂ ನೂರಕ್ಕೆ 91.

ಆ ಹಣ ಎಲ್ಲಿಗೆ ಹೋಯಿತು? 2023-24ರಲ್ಲಿ ತಮ್ಮ ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು, ಖರ್ಚು ಕಳೆಯುವ ಮುಂಚಿನ ಲೆಕ್ಕದಲ್ಲಿ, ಸುಮಾರು 33,000 ಕೋಟಿ ಗಳಿಸಿದವು. ವಿದೇಶೀ ಹೂಡಿಕೆದಾರ ಸಂಸ್ಥೆಗಳು ಸುಮಾರು 28,000 ಕೋಟಿ ಗಳಿಸಿದವು. ಈ ಲಾಭದಲ್ಲಿ ನೂರಕ್ಕೆ 95ಕ್ಕಿಂತಲೂ ಹೆಚ್ಚು ಭಾಗ ಮನುಷ್ಯನ ಕೈಯಿಂದ ಆದದ್ದಲ್ಲ, ಗಣಕಯಂತ್ರ ತಾನೇ ಲೆಕ್ಕ ಹಾಕಿ ನಡೆಸಿದ ವ್ಯಾಪಾರದಿಂದ ಬಂದದ್ದು. ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಸಂಸ್ಥೆ 2024ರ ಜನವರಿ 17ರ ಒಂದೇ ದಿನ ಆಪ್ಷನ್‌ಗಳಲ್ಲಿ 734 ಕೋಟಿ ರೂಪಾಯಿಗೂ ಮಿಕ್ಕಿ ಲಾಭ ಮಾಡಿತೆಂದು ಸೆಬಿ 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಬರೆದಿದೆ. ಬೆಲೆಯನ್ನು ಬೇಕೆಂದೇ ಕುಣಿಸಿದರೆಂಬುದು ಆರೋಪ. ಸಂಸ್ಥೆ ಅದನ್ನು ಒಪ್ಪಿಲ್ಲ. ಅದೇನೇ ಇರಲಿ. ಮಾಗಡಿಯ ಕಿರಾಣಿ ಅಂಗಡಿಯ ಗಲ್ಲಾ ಮುಂದೆ ಕೂತು, ಒಂದು ಕಣ್ಣು ಗಿರಾಕಿಯ ಮೇಲೆ ಇನ್ನೊಂದು ಕಣ್ಣು ಮೊಬೈಲಿನ ಮೇಲೆ ಇಟ್ಟವನು ಯಾರ ಎದುರು ಪಣ ಕಟ್ಟುತ್ತಿದ್ದಾನೆಂಬುದನ್ನು ತಿಳಿದಿರಬೇಡವೇ?

ಈಗ ಗುರುವಿನ ಕಡೆಗೆ ಬರೋಣ.

"ಅವರೆಲ್ಲ ಕಲಿಯದೆ ಇಳಿದರು, ಆದ್ದರಿಂದ ಕಳೆದರು, ನನ್ನ ಹತ್ತಿರ ಕಲಿತು ಇಳಿಯಿರಿ" ಎನ್ನುತ್ತಾನೆ ಅವನು. ಮೇಲ್ನೋಟಕ್ಕೆ ಒಪ್ಪುವ ಮಾತು. ಯಾವ ಕಸಬನ್ನು ತಾನೇ ಕಲಿಯದೆ ಮಾಡಲಾದೀತು? ಆದರೆ ಕಸಬನ್ನು ಕಲಿಸುವವರು ಹೇಗಿರುತ್ತಾರೆಂಬುದನ್ನು ನಾವು ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ಕಂಡಿದ್ದೇವೆ. ಹಾಲೆಮರವನ್ನು ಚರಕಿಗೆ ಕೊಟ್ಟು, ಅರಗು ಹಚ್ಚಿ ಬೊಂಬೆ ಮಾಡುವ ಉಸ್ತಾದನ ಪಕ್ಕದಲ್ಲಿ ಹುಡುಗ ಕೂರುತ್ತಾನೆ. ಉಸ್ತಾದ ಹುಡುಗನ ಶುಲ್ಕದಿಂದ ಬದುಕುವುದಿಲ್ಲ, ತಾನು ಮಾಡಿದ ಬೊಂಬೆ ಮಾರಿ ಬದುಕುತ್ತಾನೆ. ಕಸಬು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂಬುದು ಬೊಂಬೆಯನ್ನು ನೆಲದ ಮೇಲೆ ಉರುಳಿಸಿದರೆ ತಿಳಿಯುತ್ತದೆ. ಹುಡುಗನ ಕೈ ಕುದುರಿತೋ ಇಲ್ಲವೋ ಎಂಬುದೂ ಕಣ್ಣಿಗೆ ಕಾಣುತ್ತದೆ.

ಶೇರುಪೇಟೆಯ ಗುರುವಿನ ಬೊಂಬೆ ಯಾವುದು? ಅವನ ಅನ್ನ ಎಲ್ಲಿಂದ ಬರುತ್ತದೆ? ಒಂದು ಲೆಕ್ಕ ಹಾಕಿ. ಮೂರು ದಿನದ ತರಗತಿಗೆ ತಲೆಗೆ 15,000 ರೂಪಾಯಿ, 200 ಮಂದಿ ಸೇರಿದರು ಎಂದಿಟ್ಟುಕೊಳ್ಳಿ. 30 ಲಕ್ಷವಾಯಿತು. ಛತ್ರದ ಬಾಡಿಗೆ, ಊಟ, ಜಾಹೀರಾತು ಕಳೆದರೂ ಇಪ್ಪತ್ತು ಲಕ್ಷ ಉಳಿಯಿತು. ಪೇಟೆ ಏರಿದರೂ ಇದು ಅವನದೇ, ಬಿದ್ದರೂ ಅವನದೇ. ಇಷ್ಟು ಭದ್ರವಾದ ವರಮಾನ ಯಾವ ವಾಯಿದೆಯಲ್ಲಿದೆ? ಇದು ಸಾಲದೆಂದು, ಶಿಷ್ಯರು ತನ್ನ ಮೂಲಕವೇ ಇಂಥ ದಲ್ಲಾಳಿಯ ಬಳಿ ಖಾತೆ ತೆರೆಯಬೇಕೆಂದು ಹೇಳುವ ಗುರುಗಳುಂಟು. ಶಿಷ್ಯ ಮಾಡುವ ಪ್ರತಿಯೊಂದು ಕೊಳ್ಳುವಿಕೆಯಲ್ಲೂ ಮಾರಾಟದಲ್ಲೂ ಅವರಿಗೊಂದು ಪಾಲು ಬರುತ್ತದೆ. ಅಂಥವನು ಶಿಷ್ಯನಿಗೆ "ಇವತ್ತು ಸುಮ್ಮನಿರು" ಎಂದು ಹೇಳುತ್ತಾನೆಯೇ? ಶಿಷ್ಯ ಸುಮ್ಮನಿದ್ದರೆ ಗುರುವಿಗೆ ನಷ್ಟ!

ಇನ್ನೊಂದು ಮಾತು. ನಿಜವಾಗಿಯೂ ಹಣ ಮಾಡುವ ಉಪಾಯವೊಂದು ಯಾರಿಗಾದರೂ ಸಿಕ್ಕಿದರೆ, ಅದನ್ನು ನೂರಾರು ಮಂದಿಗೆ ಹೇಳಿದೊಡನೆ ಅದು ಕೆಡುತ್ತದೆ. ಅಗ್ಗಕ್ಕೆ ಒಳ್ಳೆಯ ಗೂಡು ಸಿಗುವ ಹಳ್ಳಿಯೊಂದನ್ನು ಕಂಡುಕೊಂಡ ರೀಲರು ಅದನ್ನು ಛತ್ರದಲ್ಲಿ ಧ್ವನಿವರ್ಧಕ ಹಾಕಿಸಿ ಸಾರುತ್ತಾನೆಯೇ?

ಹಾಗಾದರೆ ಅವನ ಹೇಳಿಕೆ ನಿಜವಾಗುವುದನ್ನು ನಾವೇ ಕಂಡಿದ್ದೇವಲ್ಲ ಎಂದು ಹುಡುಗರು ವಾದಿಸುತ್ತಾರೆ. "ಐದು ದಿನ ಹೇಳಿದ, ಐದು ದಿನವೂ ಹಾಗೆಯೇ ಆಯಿತು" ಎನ್ನುತ್ತಾರೆ. ಇದರ ಹಿಂದಿನ ಕೈಚಳಕ ಬಹಳ ಹಳೆಯದು, ಕೇಳಿ. 1,600 ಮಂದಿಯ ಮೊಬೈಲಿಗೆ ಸಂದೇಶ ಕಳಿಸಬೇಕು. 800 ಮಂದಿಗೆ ನಾಳೆ ಪೇಟೆ ಏರುತ್ತದೆಂದು, ಉಳಿದ 800 ಮಂದಿಗೆ ಬೀಳುತ್ತದೆಂದು ಹೇಳಬೇಕು. ಏರಲಿ, ಬೀಳಲಿ, 800 ಮಂದಿಗೆ ಮಾತು ನಿಜವಾಯಿತು. ತಪ್ಪಾದವರನ್ನು ಕೈಬಿಟ್ಟು, ಈ 800ನ್ನು ಮರುದಿನ ಮತ್ತೆ ಎರಡು ಪಾಲು ಮಾಡಬೇಕು. 400, 200, 100, ಐದನೆಯ ದಿನಕ್ಕೆ 50. ಈ ಐವತ್ತು ಮಂದಿಯ ಪಾಲಿಗೆ ಅವನು ತ್ರಿಕಾಲಜ್ಞಾನಿ. ಅವರಲ್ಲಿ ನಲವತ್ತು ಮಂದಿ ಶುಲ್ಕ ಕಟ್ಟುತ್ತಾರೆ. ಕೈಬಿಟ್ಟ 1,550 ಮಂದಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಅವರು ಯಾವ ಸಭೆಯಲ್ಲಿ ಎದ್ದು ನಿಂತು ಹೇಳಿಯಾರು? ಲಾಭದ ಚಿತ್ರಗಳನ್ನು ತೋರಿಸುವುದೂ ಹೀಗೆಯೇ. ಎರಡು ಖಾತೆಯಲ್ಲಿ ಎದುರುಬದುರು ಪಣ ಕಟ್ಟಿದರೆ ಒಂದರಲ್ಲಿ ಲಾಭ ಬಂದೇ ಬರುತ್ತದೆ. ಗೆದ್ದ ಖಾತೆಯ ಚಿತ್ರ ಗೋಡೆಗೆ, ಸೋತದ್ದು ಕಸದ ಬುಟ್ಟಿಗೆ. ಬಾಡಿಗೆ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಪಟದ ಮಾತನ್ನಂತೂ ಬಿಡಿ. ನಮ್ಮ ರಾಮದೇವರ ಬೆಟ್ಟದಲ್ಲಿ ಶೋಲೆಯ ಚಿತ್ರೀಕರಣಕ್ಕೆ ಊರನ್ನೇ ಕಟ್ಟಿ ಮತ್ತೆ ಬಿಚ್ಚಿಕೊಂಡು ಹೋದದ್ದನ್ನು ಕಂಡ ಜನ ನಾವು, ಪಟದಲ್ಲಿ ಕಾಣುವುದೆಲ್ಲ ನಿಜವಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವು ಊಹೆಯ ಮಾತುಗಳಲ್ಲ. ಬಾಪ್ ಆಫ್ ಚಾರ್ಟ್ ಎಂಬ ಹೆಸರಿನಲ್ಲಿ ಒಬ್ಬರು ಶೇರುಪೇಟೆಯ ಪಾಠ ಮಾರುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿ 17.2 ಕೋಟಿ ರೂಪಾಯಿ ತಡೆಹಿಡಿಯಿತು. ಪಾಠದ ಹೆಸರಿನಲ್ಲಿ ನೋಂದಣಿಯಿಲ್ಲದೆ ಸಲಹೆ ಮಾರಿದರೆಂಬುದು ಆರೋಪ. ಆ ಆದೇಶದಲ್ಲಿ ಒಂದು ವಿವರವಿದೆ. 2021ರ ಜನವರಿಯಿಂದ 2023ರ ಜುಲೈವರೆಗೆ ಆ ಗುರುವಿನ ಸ್ವಂತ ವ್ಯಾಪಾರದ ಲೆಕ್ಕ ತೆಗೆದರೆ 2.89 ಕೋಟಿ ನಷ್ಟ! ಲಾಭ ಮಾಡುವುದನ್ನು ಕಲಿಸುವವರ ಲಾಭ ಕಲಿಸುವುದರಲ್ಲೇ ಇತ್ತು. 2025ರ ಡಿಸೆಂಬರಿನಲ್ಲಿ ಅವಧೂತ ಸಾಠೆ ಟ್ರೇಡಿಂಗ್ ಅಕಾಡೆಮಿಯ ವಿಷಯದಲ್ಲಿ ಹೊರಟ ಮಧ್ಯಂತರ ಆದೇಶ ಇನ್ನೂ ದೊಡ್ಡದು: ತಡೆಹಿಡಿದ ಮೊತ್ತ 546 ಕೋಟಿ, ಶುಲ್ಕ ಕೊಟ್ಟವರು ಮೂರು ಲಕ್ಷಕ್ಕೂ ಮಿಕ್ಕಿ. ಗೆದ್ದ ಶಿಷ್ಯರನ್ನು ಮಾತ್ರ ಆರಿಸಿ ಮುಂದೆ ನಿಲ್ಲಿಸುತ್ತಿದ್ದರೆಂಬುದು ಅಲ್ಲಿನ ಆಕ್ಷೇಪಗಳಲ್ಲೊಂದು. ಮಧ್ಯಂತರ ಆದೇಶವೆಂದರೆ ಕೊನೆಯ ತೀರ್ಪಲ್ಲ, ಆರೋಪಿಗಳಿಗೂ ಹೇಳಿಕೊಳ್ಳುವುದಿರುತ್ತದೆ. ನ್ಯಾಯಕ್ಕಾಗಿ ಇದನ್ನು ಹೇಳಬೇಕು. ಆದರೂ 500 ಕೋಟಿಯ ಪಾಠಶಾಲೆ ಎಂದರೆ ಅದು ಎಂಥ ಗಿರಣಿ ಎಂಬುದನ್ನು ಯೋಚಿಸಿ.

ಓದಿದವರು, ಹೆಸರುವಾಸಿಗಳು ನಂಬಿದ್ದಾರೆ, ನಾವು ನಂಬಿದರೇನು ಎಂಬುದು ಇನ್ನೊಂದು ವಾದ. ಬೆಂಗಳೂರಿನಲ್ಲಿ 2018ರ ಮಾರ್ಚಿನಲ್ಲಿ ವಿಕ್ರಂ ಇನ್ವೆಸ್ಟ್‌ಮೆಂಟ್ಸ್ ಎಂಬ ಸಂಸ್ಥೆಯ ಮೇಲೆ ಪೊಲೀಸ್ ದೂರುಗಳಾದವು. ಸರಕುಪೇಟೆಯ ವ್ಯಾಪಾರದಿಂದ ಭಾರೀ ಲಾಭ ತಂದುಕೊಡುತ್ತೇವೆಂದು ನೂರಾರು ಮಂದಿಯಿಂದ ಹಣ ಎತ್ತಿದ್ದರೆಂಬ ದೂರು ಅದು. ದೂರು ಕೊಟ್ಟವರಲ್ಲಿ ರಾಹುಲ್ ದ್ರಾವಿಡ್ ಒಬ್ಬರು. ಚೆಂಡು ಎತ್ತ ತಿರುಗುತ್ತದೆಂಬುದನ್ನು ಅವರಷ್ಟು ತಾಳ್ಮೆಯಿಂದ ನೋಡಿದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಮರುವರ್ಷವೇ, 2019ರ ಜೂನಿನಲ್ಲಿ, ಐ.ಎಂ.ಎ. ಬಾಗಿಲು ಹಾಕಿತು, ಶಿವಾಜಿನಗರದ ಅದರ ಕಚೇರಿಯ ಮುಂದೆ ನಿಂತ ಬಡವರ ಸಾಲನ್ನು ನಾವು ಮರೆತಿಲ್ಲ. ಹೆಸರಿನ ಮೇಲೆ ನಂಬಿಕೆಯಿಟ್ಟವರೇ ಎರಡೂ ಕಡೆ ಕೆಟ್ಟದ್ದು.

ಚೆನ್ನಾಗಿ ಕಲಿತು, ಬಿಡದೆ ಅಭ್ಯಾಸ ಮಾಡಿದರೆ ಬಂದೀತೇನೋ ಎಂಬ ಆಸೆ ಇನ್ನೂ ಉಳಿದಿರಬಹುದು. ಬ್ರೆಜಿಲ್ ದೇಶದ ವಿದ್ವಾಂಸರು ಇದನ್ನೇ ಪರೀಕ್ಷಿಸಿ ನೋಡಿದರು. ಅಲ್ಲಿ 2013ರಿಂದ 2015ರವರೆಗೆ ಸೂಚ್ಯಂಕದ ವಾಯಿದೆಯಲ್ಲಿ ದಿನದ ವ್ಯಾಪಾರ ಶುರು ಮಾಡಿದವರು 19,646 ಮಂದಿ. 300 ದಿನಕ್ಕಿಂತ ಹೆಚ್ಚು ಕಾಲ ಪಟ್ಟುಹಿಡಿದು ಕೂತವರು 1,551. ಈ ಹಠವಾದಿಗಳಲ್ಲೇ ನೂರಕ್ಕೆ 97 ಮಂದಿ ಕಳೆದುಕೊಂಡರು. ಅಲ್ಲಿನ ಕನಿಷ್ಠ ಕೂಲಿಗಿಂತ ಹೆಚ್ಚು ಸಂಪಾದಿಸಿದವರು ನೂರಕ್ಕೆ 1.1. ದಿನ ಕಳೆದಂತೆ ಕೈ ಪಳಗಿತೆಂಬುದಕ್ಕೆ ಸಾಕ್ಷಿಯೇ ಸಿಗಲಿಲ್ಲ. ಕನಿಷ್ಠ ಕೂಲಿ! ನಾವು ಬೀದಿಯಲ್ಲಿ ಕೂಗಿ ಕೇಳುವ ಕೂಲಿಯೂ ಅಲ್ಲಿ ನೂರರಲ್ಲಿ ಒಬ್ಬನಿಗೆ.

ಪೇಟೆಯ ಮುಂದಿನ ನಡೆ ಗೀಟುಗಳಲ್ಲಿ ಬರೆದಿದೆಯೆಂಬುದೂ ಒಂದು ಭ್ರಮೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ಗೂಡಿನ ದರ ಕುಸಿದು ರೈತ ಬೀದಿಗೆ ಬಂದ. ದೆಹಲಿಯ ಒಂದು ಸಹಿ ಅದು. ಹಿಂದಿನ ಮೂರು ವರ್ಷದ ದರಗಳ ಏರಿಳಿತವನ್ನು ಬರೆದು ಗೋಡೆಗೆ ಅಂಟಿಸಿದ್ದರೆ ಆ ಸಹಿ ಅದರಲ್ಲಿ ಕಾಣುತ್ತಿತ್ತೇ?

ಕಲಿಯುವುದೇ ಬೇಡವೆಂದು ನಾವು ಹೇಳುತ್ತಿಲ್ಲ. ಶೇರು ಎಂದರೇನು, ಒಂದು ಕಂಪನಿಯ ಲೆಕ್ಕಪತ್ರವನ್ನು ಹೇಗೆ ಓದಬೇಕು, ಬಡ್ಡಿಯ ಮೇಲೆ ಬಡ್ಡಿ ಹೇಗೆ ಬೆಳೆಯುತ್ತದೆ, ಇವನ್ನು ಕಾರ್ಮಿಕನೂ ತಿಳಿದಿರಬೇಕು. ದುಡಿಮೆಯಲ್ಲಿ ಉಳಿದದ್ದನ್ನು ಒಳ್ಳೆಯ ಕಂಪನಿಗಳಲ್ಲಿ ಹತ್ತು ವರ್ಷಕ್ಕೆಂದು ಇಡುವುದೂ ಮಂಗಳವಾರಕ್ಕೆಂದು ಬಯಾನ ಕಟ್ಟುವುದೂ ಒಂದೇ ಅಲ್ಲ. ಆದರೆ ಈ ತಿಳಿವಳಿಕೆಗೆ 15,000 ತೆರಬೇಕಾಗಿಲ್ಲ. ಸೆಬಿಯ ಸಾರಥಿ ಎಂಬ ಮೊಬೈಲ್ ಅಪ್ಲಿಕೇಷನ್ ಪುಕ್ಕಟೆ. ಹೂಡಿಕೆದಾರರ ಪುಸ್ತಕಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬೇಕಿದ್ದರೆ ನಮ್ಮ ಸಂಜೆಯ ಓದಿನ ಕೂಟದಲ್ಲೇ ಕೂತು ಓದಬಹುದು, ಕನ್ನಡದಲ್ಲಿ ಬಿಡಿಸಿ ಹೇಳುವ ಹುಡುಗರು ನಮ್ಮಲ್ಲಿದ್ದಾರೆ.

ಹಣ ಕೊಟ್ಟು ಸಲಹೆ ಪಡೆಯುವುದಾದರೆ ಕಾನೂನು ಒಂದು ದಾರಿ ಇಟ್ಟಿದೆ. ಇಂಥ ಶೇರು ಕೊಳ್ಳಿ, ಇಂಥದು ಮಾರಿ ಎಂದು ಶುಲ್ಕಕ್ಕೆ ಹೇಳುವವನು 2013ರ ಹೂಡಿಕೆ ಸಲಹೆಗಾರರ ನಿಯಮದಡಿ ಇಲ್ಲವೇ 2014ರ ಸಂಶೋಧನಾ ವಿಶ್ಲೇಷಕರ ನಿಯಮದಡಿ ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಸಲಹೆಗಾರನ ಸಂಖ್ಯೆ ಐ.ಎನ್.ಎ. ಎಂದೂ, ವಿಶ್ಲೇಷಕನದು ಐ.ಎನ್.ಎಚ್. ಎಂದೂ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಗುರುವಿನ ಚೀಟಿಯಲ್ಲಿ ನೋಡಿದರೆ ಸಾಲದು, ಸೆಬಿಯ ಜಾಲತಾಣದ ಪಟ್ಟಿಯಲ್ಲಿ ಹುಡುಕಿ ನೋಡಬೇಕು. ಇಂತಿಷ್ಟು ಲಾಭ ಖಂಡಿತವೆಂದು ಭರವಸೆ ಕೊಡಲು ನೋಂದಾಯಿತನಿಗೂ ಅಧಿಕಾರವಿಲ್ಲ. "ನಾನು ಸಲಹೆ ಕೊಡುವುದಿಲ್ಲ, ಬರೀ ಪಾಠ ಹೇಳುತ್ತೇನೆ" ಎಂಬುದು ತಪ್ಪಿಸಿಕೊಳ್ಳುವ ಕಿಂಡಿ. ಅದನ್ನು ಮುಚ್ಚಲೆಂದೇ ಸೆಬಿ 2025ರ ಜನವರಿಯಲ್ಲಿ, ಪಾಠ ಹೇಳುವವನು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಶೇರುಗಳ ಹೆಸರೆತ್ತಬಾರದೆಂದು ಸುತ್ತೋಲೆ ಹೊರಡಿಸಿತು. ಪಾಠವೆಂದು ಕರೆದು ಇವತ್ತಿನ ಬೆಲೆ ತೋರಿಸಿ ಇವತ್ತೇ ಕೊಳ್ಳಿರೆನ್ನುವವನು ಪಾಠದ ಮೇಷ್ಟ್ರಲ್ಲ.

ನೋಂದಣಿಯಿದ್ದರೆ ಎಲ್ಲವೂ ಸರಿಯೆಂದು ತಿಳಿಯಬೇಡಿ. ನೋಂದಣಿಯೆಂದರೆ ದೂರು ಕೊಡಲು ಒಂದು ವಿಳಾಸ ಸಿಕ್ಕಿತು ಎಂದಷ್ಟೇ ಅರ್ಥ. ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ದಿನದ ವ್ಯಾಪಾರ, ವಾಯಿದೆ, ಆಪ್ಷನ್ ಇವುಗಳನ್ನು ಕಲಿಸುತ್ತೇನೆಂದು ಹಣ ಕೇಳುವ ಗುರುವಿಗೆ ಗಿರಣಿಯ ಕೂಲಿಯಿಂದಾಗಲಿ ಅಂಗಡಿಯ ಗಲ್ಲಾದಿಂದಾಗಲಿ ಒಂದು ರೂಪಾಯಿಯನ್ನೂ ಕೊಡುವ ಕಾರಣ ನಮಗೆ ಕಂಡಿಲ್ಲ. ಯಾವನಾದರೂ ಒತ್ತಾಯಿಸಿದರೆ, ಅವನ ಸ್ವಂತ ಖಾತೆಯ ಮೂರು ವರ್ಷದ ಪೂರ್ತಿ ಲೆಕ್ಕವನ್ನೂ, ತೆರಿಗೆ ಇಲಾಖೆಗೆ ಕೊಟ್ಟ ವಿವರದಲ್ಲಿ ವ್ಯಾಪಾರದ ಲಾಭವೆಷ್ಟು, ತರಗತಿಯ ಶುಲ್ಕವೆಷ್ಟು ಎಂಬುದನ್ನೂ ತೋರಿಸೆಂದು ಕೇಳಿ. ಗೂಡು ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡುವ ನಾವು ಇಷ್ಟು ಕೇಳಲು ನಾಚಬೇಕೆ?

ಈಗಾಗಲೇ ಹಣ ಕೊಟ್ಟವರು ಇಲ್ಲಿಯೂ ಇರಬಹುದು. ಮನೆಯವರಿಗೆ ಹೇಳಲು ಹೆದರಿ, ಹೋದದ್ದನ್ನು ಹಿಂದಕ್ಕೆ ತರಬೇಕೆಂದು ಒಡವೆ ಅಡವಿಟ್ಟು ಮತ್ತೆ ಕಟ್ಟುವುದೇ ಹೆಚ್ಚು ಮನೆಗಳನ್ನು ಕೆಡಿಸುವುದು. ಎರಡು ವರ್ಷ ಸತತವಾಗಿ ಕಳೆದುಕೊಂಡವರಲ್ಲೂ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ಆಟ ಬಿಡಲಿಲ್ಲವೆಂದು ಅದೇ ವರದಿ ಹೇಳುತ್ತದೆ. ಅಂಥವರು ಹಣ ಕಳಿಸಿದ ರಸೀದಿ, ಗುರು ಕಳಿಸಿದ ಸಂದೇಶಗಳು, ಜಾಹೀರಾತಿನ ಚಿತ್ರ ಯಾವುದನ್ನೂ ಅಳಿಸಬಾರದು. ನೋಂದಾಯಿತ ದಲ್ಲಾಳಿ, ಸಲಹೆಗಾರರ ಮೇಲಿನ ದೂರಿಗೆ ಸೆಬಿಯ ಸ್ಕೋರ್ಸ್ ಎಂಬ ವ್ಯವಸ್ಥೆಯಿದೆ. ವಿಚಾರಿಸಲು ಪುಕ್ಕಟೆ ದೂರವಾಣಿ 1800 22 7575. ನಕಲಿ ಅಪ್ಲಿಕೇಷನ್ನಿನಲ್ಲಿ ಲಾಭ ತೋರಿಸಿ, ಹಣ ಹಿಂದಕ್ಕೆ ಕೇಳಿದರೆ ಇನ್ನಷ್ಟು ಕಟ್ಟೆನ್ನುವವರ ಕೈಗೆ ಸಿಕ್ಕಿದ್ದರೆ ಅದು ನೇರ ಕಳ್ಳತನ. ಅದೇ ದಿನ, ಸಾಧ್ಯವಾದರೆ ಅದೇ ಗಂಟೆ, 1930ಕ್ಕೆ ಫೋನು ಮಾಡಿ. ಹಣ ಬೇರೆ ಖಾತೆಗಳಿಗೆ ಹರಿದುಹೋಗುವ ಮುಂಚೆ ತಡೆಯುವ ಅವಕಾಶ ಆಗ ಮಾತ್ರ.

ದೂರು ಬರೆಯಲು ಬಾರದವರು, ಒಬ್ಬರೇ ಠಾಣೆಗೆ ಹೋಗಲು ಅಳುಕುವವರು ಸಭೆ ಮುಗಿದ ಮೇಲೆ ಇಲ್ಲಿಯೇ ಕೂತಿರಿ. ಕಾಗದ, ಪೆನ್ನು ತಂದಿದ್ದೇವೆ. ಒಂದೇ ಗುರುವಿಗೆ ಹಣ ಕೊಟ್ಟವರು ನಾಲ್ಕೈದು ಮಂದಿಯಿದ್ದರೆ ಒಟ್ಟಿಗೆ ಒಂದೇ ಅರ್ಜಿ ಬರೆಯೋಣ.